ಮಕ್ಸಸ್ ಬಂತು, ಗಾಬ್ಲಿನ್ ಎಲ್ಲಿ?

ಪ್ರಶ್ನೆ: ನಾನು ಸಾಗರದವನು, ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ರೂಮಿನಲ್ಲಿ ಐದು ಜನ ಸೇರಿ ‘ಮ್ಯಾಜಿಕ್: ದ ಗ್ಯಾದರಿಂಗ್’ ಅನ್ನೋ ಕಾರ್ಡ್ ಆಟ ಆಡುತ್ತೇವೆ. ಲೆಗಸಿ ನಿಯಮ (ಹಳೇ ಕಾರ್ಡ್‌ಗಳೂ ನಡೆಯುವ ಬಗೆ), 60 ಕಾರ್ಡ್. ನನ್ನದು ಗಾಬ್ಲಿನ್ ಡೆಕ್. ಬೆಂಗಳೂರಿನ ಅಣ್ಣ ಈಚೆಗೆ ಎರಡು ‘ಮಕ್ಸಸ್, ಗಾಬ್ಲಿನ್ ಗ್ರ್ಯಾಂಡೀ’ ಕೊಟ್ಟ, ಒಂದು ಫಾಯಿಲ್ (ಮಿನುಗುವ ಪದರದ್ದು). ಹಾಕಿದ ಮೇಲೆ ಕೆಲವು ಆಟ ಒಂದೇ ಏಟಿಗೆ ಮುಗಿಯುತ್ತೆ. ಕೆಲವು ಸಲ ಆರು ಕಾರ್ಡ್ ತೆಗೆದರೆ ಒಂದೇ ಗಾಬ್ಲಿನ್ ಬರುತ್ತೆ. ಇನ್ನೆರಡು ಕೊಂಡು ನಾಲ್ಕು ಮಾಡಲಾ? ಏನು ತೆಗೆಯಲಿ? ನೀಲಿ ಡೆಕ್ ಆಡುವ ಗೆಳೆಯ ಪ್ರತಿ ಸಲ ಮಕ್ಸಸ್‌ಗೇ ಕೌಂಟರ್‌ಸ್ಪೆಲ್ (ಎದುರಿನವನು ಆಡಿದ ಕಾರ್ಡನ್ನು ರದ್ದು ಮಾಡುವ ಕಾರ್ಡ್) ಇಟ್ಟುಕೊಂಡು ಕೂರುತ್ತಾನೆ. ಆಗಸ್ಟ್‌ನಲ್ಲಿ ಬೆಂಗಳೂರಿನ ಒಂದು ಟೂರ್ನಮೆಂಟ್‌ಗೆ ಹೋಗುವ ಆಸೆ. ನನ್ನ ಡೆಕ್: 22 ಮೌಂಟನ್ (ಕಾರ್ಡ್ ಆಡಲು ಬೇಕಾದ ಶಕ್ತಿ, ಅಂದರೆ ಮಾನಾ, ಕೊಡುವ ಲ್ಯಾಂಡ್ ಕಾರ್ಡ್), 2 ಮಕ್ಸಸ್, 24 ಗಾಬ್ಲಿನ್ (ಗಾಬ್ಲಿನ್ ಗೈಡ್, ಸ್ಕರ್ಕ್ ಪ್ರಾಸ್ಪೆಕ್ಟರ್, ಮಾಗ್ ಫೆನಟಿಕ್, ವಾರ್‌ಚೀಫ್, ಚೀಫ್‌ಟನ್, ಗಾಬ್ಲಿನ್ ಗ್ರೆನೇಡ್ ತಲಾ 4), ನೇರ ಡ್ಯಾಮೇಜ್ ಮಾಡುವ ಲೈಟ್ನಿಂಗ್ ಬೋಲ್ಟ್ 4, ಶಾಕ್ 4, ಲಾವಾ ಸ್ಪೈಕ್ 4.

ಉತ್ತರ: ಮೊದಲು ಲೆಕ್ಕ ಸರಿ ಮಾಡೋಣ. 24 ಗಾಬ್ಲಿನ್ ಅಂತ ಬರೆದಿದ್ದೀರಿ. ನಾನು ಎಣಿಸಿದರೆ 20. ಗಾಬ್ಲಿನ್ ಗ್ರೆನೇಡ್ ಹೆಸರಿನಲ್ಲಿ ಗಾಬ್ಲಿನ್ ಇದೆ ಅಷ್ಟೇ, ಅದು ಸಾರ್ಸರಿ, ಅಂದರೆ ಒಂದು ಸಲ ಬಳಸಿ ಮುಗಿಯುವ ಮಂತ್ರ; ಕಣದಲ್ಲಿ ನಿಂತು ಹೊಡೆದಾಡುವ ಕ್ರೀಚರ್ ಅಲ್ಲ. ಮಕ್ಸಸ್ ಕಾರ್ಡ್‌ನ ಮಾತು ಓದಿ: ಮೇಲಿನ ಆರು ಕಾರ್ಡ್ ತೆರೆದು ತೋರಿಸಿ, ಅದರಲ್ಲಿ ಮಾನಾ ಬೆಲೆ 5 ಅಥವಾ ಕಡಿಮೆ ಇರುವ ಗಾಬ್ಲಿನ್ ಕ್ರೀಚರ್‌ಗಳನ್ನೆಲ್ಲ ಕಣಕ್ಕೆ ಇಳಿಸಿ, ಉಳಿದದ್ದನ್ನು ಡೆಕ್‌ನ ಅಡಿಗೆ ಹಾಕಿ. ‘ಕ್ರೀಚರ್’ ಅನ್ನೋ ಪದ ಸುಮ್ನೆ ಇಟ್ಟಿಲ್ಲ. ಗ್ರೆನೇಡ್ ಬಂದರೆ ಅಡಿಗೇ ಹೋಗುತ್ತೆ. ಇನ್ನೊಂದು ಮಕ್ಸಸ್ ಬಂದರೂ ಅಷ್ಟೇ, ಅದರ ಬೆಲೆ 6 ಅಲ್ವಾ?

ಈ ತಪ್ಪು ನಾನೂ ಮಾಡಿದ್ದೇನೆ. ಮಕ್ಸಸ್ ಬಂದಿದ್ದು 2020ರ ಜುಲೈನಲ್ಲಿ, ‘ಜಂಪ್‌ಸ್ಟಾರ್ಟ್’ ಸೆಟ್‌ನಲ್ಲಿ. ಸ್ಟ್ಯಾಂಡರ್ಡ್‌ಗೂ ಮಾಡರ್ನ್‌ಗೂ ಬಾರದೆ ಲೆಗಸಿ, ವಿಂಟೇಜ್, ಕಮಾಂಡರ್ ಅನ್ನೋ ಆಟದ ಬಗೆಗಳಿಗೆ ಬಂತು. ಕಂಪ್ಯೂಟರ್‌ನಲ್ಲಿ ಈ ಆಟದ ಆನ್‌ಲೈನ್ ರೂಪವಾದ ಅರೀನಾ ಆಡುವವರಿಗೆ ಅಲ್ಲಿನ ಹಿಸ್ಟಾರಿಕ್ ಬಗೆಯಲ್ಲೂ ಸಿಕ್ಕಿತು. ಅಲ್ಲಿ ಗಾಬ್ಲಿನ್ ಡೆಕ್ ಎದುರು ಕೂತು ನಾಲ್ಕನೇ ಟರ್ನ್‌ಗೇ ಸೋತವರು ಬೇಕಾದಷ್ಟು ಜನ, ನಾನೂ ಒಬ್ಬ. ಸರಿ, ಇದು ನನಗೂ ಬೇಕು ಅಂತ ಎರಡು ತರಿಸಿ ಹಳೇ ಡೆಕ್‌ಗೆ ತುರುಕಿದೆ.

ಮಳೆಗಾಲದ ಒಂದು ಭಾನುವಾರ. ಶಿವಮೊಗ್ಗದ ದುರ್ಗಿಗುಡಿಯ ಒಂದು ಮಹಡಿ ಮನೆ, ಕರೆಂಟ್ ಹೋಗಿ ಒಂದು ಗಂಟೆ ಆಗಿತ್ತು. ಚಾರ್ಜರ್ ಲೈಟ್ ಬೆಳಕಲ್ಲಿ ಆಟ, ಪಕ್ಕದಲ್ಲಿ ಹಲಸಿನ ಹಪ್ಪಳ. ಎದುರಿಗೆ ಕೂತವನ ಹತ್ತಿರ ಇನ್ನು ಬರೀ ಎಂಟು ಲೈಫ್. ನಾನು ಆರು ಮೌಂಟನ್ ಅಡ್ಡ ಮಾಡಿ, ಅಂದರೆ ಅವುಗಳ ಮಾನಾ ಬಳಸಿ, ಮಕ್ಸಸ್ ಇಟ್ಟೆ. ಎಲ್ಲರೂ ಬಗ್ಗಿ ನೋಡಿದರು. ಒಂದೊಂದೇ ತೆಗೆದೆ. ಮೌಂಟನ್. ಮೌಂಟನ್. ಬೋಲ್ಟ್. ಮೌಂಟನ್. ಬೋಲ್ಟ್. ಆರನೆಯದು ಇನ್ನೊಂದು ಮಕ್ಸಸ್! ಎದುರಿಗೆ ಕೂತವನು ಏನೂ ಹೇಳಲಿಲ್ಲ, ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡ. ಆ ಸದ್ದು ಈಗಲೂ ಕಿವಿಯಲ್ಲಿದೆ.

ನನ್ನ ಡೆಕ್‌ನಲ್ಲೂ ಆಗ ಇದ್ದದ್ದು ನಿಮ್ಮ ಹಾಗೆ 20 ಗಾಬ್ಲಿನ್. ದುರಾದೃಷ್ಟ ಅಂದುಕೊಂಡೆ. ರಾತ್ರಿ ಮನೆಗೆ ಬಂದು ಲೆಕ್ಕ ಹಾಕಿದೆ. 60ರಲ್ಲಿ 20 ಗಾಬ್ಲಿನ್ ಇದ್ದಾಗ ಆರು ಕಾರ್ಡ್‌ನಲ್ಲಿ ಸರಾಸರಿ ಬರೋದು 2. ಒಂದೂ ಬಾರದೆ ಇರುವ ಸಾಧ್ಯತೆ 100ಕ್ಕೆ 7.7, ಅಂದರೆ 13 ಸಲಕ್ಕೆ ಒಂದು ಸಲ. ಮೂರು ಅಥವಾ ಜಾಸ್ತಿ ಬರೋದು 100ಕ್ಕೆ 31 ಸಲ ಮಾತ್ರ. ಆರು ಮಾನಾ ಖರ್ಚು ಮಾಡಿ, ಹತ್ತರಲ್ಲಿ ಏಳು ಸಲ ಎರಡೋ ಒಂದೋ ಸೊನ್ನೆಯೋ! ಕಾರ್ಡ್ ದೊಡ್ಡದು ನಿಜ. ಆದರೆ ಅದು ದೊಡ್ಡದಾಗೋದು ಡೆಕ್ ನೋಡಿಕೊಂಡು.

ಹೀಗೆ ಒಂದೇ ಜಾತಿಯ ಕ್ರೀಚರ್ ತುಂಬಿದ ಡೆಕ್‌ಗೆ ಟ್ರೈಬಲ್ ಅಂತ ಎಲ್ಲರೂ ಕರೆಯುತ್ತಾರೆ. ಆಟ ತಯಾರಿಸುವ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿಯೇ ಈಗ ಆ ಪದ ಬಿಟ್ಟಿದೆ. ಟ್ರೈಬಲ್ ಅಂತ ಇದ್ದ ಕಾರ್ಡ್ ವರ್ಗಕ್ಕೆ ‘ಕಿಂಡ್ರೆಡ್’ ಅಂತ ಹೆಸರು ಬದಲಾಗಿದೆ. ನಮಗೆ ಕನ್ನಡದಲ್ಲಿ ಇನ್ನೂ ಒಳ್ಳೆ ಪದ ಇದೆ, ಬಳಗ. ನಾನು ಬಳಗದ ಡೆಕ್ ಅಂತಲೇ ಹೇಳೋದು. ಈ ಐಡಿಯಾ ಆಟದಷ್ಟೇ ಹಳೆಯದು. ರಿಚರ್ಡ್ ಗಾರ್ಫೀಲ್ಡ್ 1993ರಲ್ಲಿ ಆಟ ತಂದಾಗಲೇ ಗಾಬ್ಲಿನ್ ಕಿಂಗ್ ಇದ್ದ, ಎಲ್ಲ ಗಾಬ್ಲಿನ್‌ಗಳಿಗೆ ಒಂದು ಒಂದು ಬಲ ಜಾಸ್ತಿ ಕೊಡುತ್ತಿದ್ದ. ತಮಾಷೆ ಏನು ಅಂದರೆ ಆ ಮೊದಲ ಕಾರ್ಡ್‌ನಲ್ಲಿ ರಾಜ ಸ್ವತಃ ಗಾಬ್ಲಿನ್ ಅಲ್ಲ. ‘ಲಾರ್ಡ್’ ಅಂತ ಮಾತ್ರ ಬರೆದಿತ್ತು. ಆಮೇಲೆ ನಿಯಮ ತಿದ್ದಿ ಅವನನ್ನು ಬಳಗಕ್ಕೆ ಸೇರಿಸಿಕೊಂಡರು.

ಮಲೆನಾಡಿನವರಿಗೆ ಬಳಗದ ಡೆಕ್ ಅರ್ಥ ಮಾಡಿಸೋದು ಸುಲಭ. ಅಡಿಕೆ ಕೊಯ್ಲಿನ ಕಾಲದ ಮುಯ್ಯಾಳು ನೋಡಿಲ್ವಾ? ಇವತ್ತು ಅವರ ಮನೆ ಅಡಿಕೆ ಸುಲಿಯೋಕೆ ನಾವು, ನಾಳೆ ನಮ್ಮ ಮನೆಗೆ ಅವರು. ಒಬ್ಬೊಬ್ಬರನ್ನೇ ನೋಡಿದರೆ ಯಾರೂ ಮಹಾ ಕೆಲಸಗಾರರಲ್ಲ. ಹತ್ತು ಜನ ಮೆಟ್ಟುಕತ್ತಿ ಇಟ್ಟುಕೊಂಡು ಅಂಗಳದಲ್ಲಿ ಕೂತರೆ ಬೆಳಗಾಗುವುದರೊಳಗೆ ರಾಶಿ ಕರಗುತ್ತೆ. ಮಕ್ಸಸ್ ಅಂದರೆ ಅಂಗಳದಲ್ಲಿ ನಿಂತು ‘ಬನ್ರೋ’ ಅಂತ ಕೂಗುವ ಯಜಮಾನ. ಕೇರಿಯಲ್ಲಿ ಜನ ಇದ್ದರೆ ಬರುತ್ತಾರೆ. ಕೇರಿ ಖಾಲಿ ಇದ್ದರೆ ಎಷ್ಟು ಕೂಗಿದರೂ ಗಂಟಲು ನೋವು ಅಷ್ಟೇ. ನಿಮ್ಮ ಡೆಕ್‌ನಲ್ಲಿ ಕೇರಿ ಅರ್ಧ ಖಾಲಿ.

ಹಾಗಾಗಿ ಏನು ತೆಗೆಯಬೇಕು ಅನ್ನೋದು ಮೊದಲು, ಎಷ್ಟು ಮಕ್ಸಸ್ ಅನ್ನೋದು ಆಮೇಲೆ.

ಗ್ರೆನೇಡ್, ಶಾಕ್, ಲಾವಾ ಸ್ಪೈಕ್ ಮೂರೂ ತೆಗೆಯಿರಿ. ಹನ್ನೆರಡು ಜಾಗ ಸಿಕ್ಕಿತು. ಗ್ರೆನೇಡ್ ತೆಗೆಯೋಕೆ ಮನಸ್ಸು ಬರಲ್ಲ, ಗೊತ್ತು. ಒಂದು ಮಾನಾಗೆ ಐದು ಡ್ಯಾಮೇಜ್ ಅಂದರೆ ಯಾರಿಗೆ ಬೇಡ? ಆದರೆ ಅದಕ್ಕೆ ಒಂದು ಗಾಬ್ಲಿನ್ ಬಲಿ ಕೊಡಬೇಕು. ಮಕ್ಸಸ್ ಡೆಕ್‌ಗೆ ಬೇಕಾದದ್ದು ಜನ ಸೇರೋದು, ಚದುರೋದಲ್ಲ. ಬೋಲ್ಟ್ ನಾಲ್ಕು ಇರಲಿ. ಎದುರಿನವನ ಒಂದು ಕ್ರೀಚರ್ ತಕ್ಷಣ ಕೊಲ್ಲಲೇಬೇಕಾದ ಸಂದರ್ಭ ಬಂದೇ ಬರುತ್ತೆ.

ಆ ಹನ್ನೆರಡು ಜಾಗಕ್ಕೆ ಗಾಬ್ಲಿನ್ ಮೇಟ್ರನ್ 4, ಗಾಬ್ಲಿನ್ ರಿಂಗ್‌ಲೀಡರ್ 4, ಜೆಮ್‌ಪಾಮ್ ಇನ್ಸಿನರೇಟರ್ 3, ಮತ್ತೆ ಮೂರನೇ ಮಕ್ಸಸ್ 1. ಇನ್ಸಿನರೇಟರ್ ನನ್ನ ಅಚ್ಚುಮೆಚ್ಚಿನದು. ಕೈಯಲ್ಲಿದ್ದಾಗ ಎರಡು ಮಾನಾ ಕೊಟ್ಟು ಸೈಕಲ್ ಮಾಡಿದರೆ, ಅಂದರೆ ಕಣಕ್ಕೆ ಇಳಿಸದೆ ಕೈಯಿಂದ ಬಿಟ್ಟರೆ, ಕಣದಲ್ಲಿ ಎಷ್ಟು ಗಾಬ್ಲಿನ್ ಇವೆಯೋ ಅಷ್ಟು ಡ್ಯಾಮೇಜ್ ಒಂದು ಕ್ರೀಚರ್‌ಗೆ, ಮೇಲಿಂದ ನಿಮಗೊಂದು ಹೊಸ ಕಾರ್ಡ್. ಶಾಕ್ ಮಾಡುತ್ತಿದ್ದ ಕೆಲಸವನ್ನು ಬಳಗದವನೇ ಮಾಡಿದ ಹಾಗಾಯಿತು. ಮಕ್ಸಸ್ ಕೂಗಿದಾಗ ಶಾಕ್ ಬರಲ್ಲ, ಇವನು ಬರುತ್ತಾನೆ.

ಈಗ ಮಕ್ಸಸ್ ಕರೆಯಬಲ್ಲ ಗಾಬ್ಲಿನ್ 31. ಅದೇ ಲೆಕ್ಕ ಮತ್ತೆ ಹಾಕಿ. ಸರಾಸರಿ 3.1. ಒಂದೂ ಬಾರದೆ ಇರೋದು ಸುಮಾರು 105 ಸಲಕ್ಕೆ ಒಂದು ಸಲ. ಮೂರು ಅಥವಾ ಜಾಸ್ತಿ ಬರೋದು 100ಕ್ಕೆ 70 ಸಲ. ಮಕ್ಸಸ್ ಅದೇ, ಆಡುವವರು ನೀವೇ. 31 ಇದ್ದದ್ದು 70 ಆಯಿತು. ಹನ್ನೊಂದು ಗಾಬ್ಲಿನ್‌ಗಳ ಮಹಿಮೆ.

ಇನ್ನು ಆರು ಮಾನಾ ಎಲ್ಲಿಂದ? ಆರನೇ ಟರ್ನ್‌ವರೆಗೆ ಕಾದರೆ ಲೆಗಸಿಯಲ್ಲಿ ಆಟ ಮುಗಿದಿರುತ್ತೆ. ಇದಕ್ಕೆ ಬೇಕಾದ ಇಬ್ಬರು, ಪ್ರಾಸ್ಪೆಕ್ಟರ್ ಮತ್ತೆ ವಾರ್‌ಚೀಫ್, ನಿಮ್ಮ ಡೆಕ್‌ನಲ್ಲಿ ಆಗಲೇ ಇದ್ದಾರೆ. ಎದುರಿನವನನ್ನು ಹೊಡೆಯೋಕೆ ಮಾತ್ರ ಅವರನ್ನು ಬಳಸುತ್ತಿದ್ದೀರಿ ಅನ್ನೋದು ನನ್ನ ಅನುಮಾನ. ಒಂದು ಆಟ ನಿಧಾನವಾಗಿ ನೋಡೋಣ.

ಮೊದಲ ಟರ್ನ್, ಮೌಂಟನ್, ಪ್ರಾಸ್ಪೆಕ್ಟರ್. ಎರಡನೇ ಟರ್ನ್, ಗೈಡ್ ಮತ್ತೆ ಫೆನಟಿಕ್, ಎರಡೂ ಒಂದೊಂದು ಮಾನಾ. ಮೂರನೇ ಟರ್ನ್, ವಾರ್‌ಚೀಫ್. ಈಗ ಗಾಬ್ಲಿನ್ ಎಲ್ಲ ಒಂದು ಮಾನಾ ಅಗ್ಗ, ಎಲ್ಲರಿಗೂ ಹೇಸ್ಟ್, ಅಂದರೆ ಬಂದ ಟರ್ನ್‌ನಲ್ಲೇ ಹೊಡೆಯಬಹುದು. ನಾಲ್ಕನೇ ಟರ್ನ್, ನಾಲ್ಕು ಮೌಂಟನ್. ಮಕ್ಸಸ್ ಬೆಲೆ ಆರಲ್ಲ, ಐದು. ಒಂದು ಕಡಿಮೆ. ಪ್ರಾಸ್ಪೆಕ್ಟರ್ ಕೆಲಸ ಏನು? ಒಂದು ಗಾಬ್ಲಿನ್ ಬಲಿ ಕೊಡಿ, ಒಂದು ಕೆಂಪು ಮಾನಾ ತಗೊಳ್ಳಿ. ಫೆನಟಿಕ್‌ನನ್ನು ಬಲಿ ಕೊಟ್ಟಿರಿ, ಐದಾಯಿತು, ಮಕ್ಸಸ್ ಇಳಿಯಿತು.

ಆರು ಕಾರ್ಡ್ ತೆರೆದಿರಿ. ಹೆಚ್ಚೇನೂ ಬೇಡ, ಸರಾಸರಿ ಮೂರೇ ಬರಲಿ: ಮೇಟ್ರನ್, ಚೀಫ್‌ಟನ್, ಇನ್ನೊಂದು ಫೆನಟಿಕ್. ಚೀಫ್‌ಟನ್ ಇದ್ದರೆ ಬೇರೆ ಗಾಬ್ಲಿನ್‌ಗಳಿಗೆಲ್ಲ ಒಂದು ಬಲ ಜಾಸ್ತಿ. ಮೇಟ್ರನ್ ಬಂದ ಕೂಡಲೇ ಡೆಕ್‌ನಿಂದ ಇನ್ನೊಂದು ಗಾಬ್ಲಿನ್ ಹುಡುಕಿ ಕೈಗೆ ಕೊಡುತ್ತಾಳೆ. ಎಲ್ಲರೂ ಒಟ್ಟಿಗೆ ಹೊಡೆಯುತ್ತಾರೆ. ಮಕ್ಸಸ್ ಹೊಡೆಯುವಾಗ ಬೇರೆ ಪ್ರತಿ ಗಾಬ್ಲಿನ್‌ಗೆ ಒಂದರಂತೆ ಬೆಳೆಯುತ್ತಾನೆ. ಮೂಲದಲ್ಲಿ 4, ಆರು ಜನರಿಂದ 6, ಚೀಫ್‌ಟನ್‌ನಿಂದ 1, ಒಟ್ಟು 11. ಗೈಡ್ 3, ವಾರ್‌ಚೀಫ್ 3, ಉಳಿದ ನಾಲ್ವರು ತಲಾ 2. ಕೂಡಿಸಿದರೆ 25. ಆಟ ಶುರುವಾಗೋದೇ 20 ಲೈಫ್‌ನಿಂದ. ಅಡ್ಡ ನಿಲ್ಲೋಕೆ ಎದುರಿನವನ ಹತ್ತಿರ ಕ್ರೀಚರ್ ಇರುತ್ತೆ, ನಿಜ. ಮೂರು ಟರ್ನ್ ನೀವೇನು ಸುಮ್ನೆ ಕೂತಿದ್ರಾ?

ಇದರಲ್ಲಿ ಒಂದು ಎಚ್ಚರಿಕೆ. ಬಲಿ ಕೊಡುವ ಅವಸರದಲ್ಲಿ ವಾರ್‌ಚೀಫ್‌ನನ್ನೇ ಕೊಡಬೇಡಿ. ಮಕ್ಸಸ್ ಇಡುವ ಮೊದಲೇ ಕೊಟ್ಟರೆ ಅವನ ಬೆಲೆ ಮತ್ತೆ ಆರಾಗುತ್ತೆ, ಚೀಫ್‌ಟನ್ ಬರದಿದ್ದರೆ ಬಂದವರಿಗೆ ಹೇಸ್ಟ್ ಇರಲ್ಲ. ನಗಬೇಡಿ, ಕ್ಲಾಕ್ ಓಡುತ್ತಿರುವಾಗ ಕೈ ಹೋಗೋದು ಅಲ್ಲಿಗೇ.

ಲ್ಯಾಂಡ್ 22 ಸಾಕು. ನಾಲ್ಕನೇ ಟರ್ನ್‌ಗೆ, ಎರಡನೆಯವರಾಗಿ ಆಡಿದರೆ, 11 ಕಾರ್ಡ್ ನೋಡಿರುತ್ತೀರಿ. ಅದರಲ್ಲಿ ಸರಾಸರಿ 4 ಲ್ಯಾಂಡ್ ಬರುತ್ತೆ. ಮುಂದಿನದು ಪ್ರಾಸ್ಪೆಕ್ಟರ್ ನೋಡಿಕೊಳ್ಳುತ್ತಾನೆ.

ಈಗ ನಿಮ್ಮ ಮೊದಲ ಪ್ರಶ್ನೆ. ನಾಲ್ಕು ಬೇಡ, ಮೂರು. ಆ 11 ಕಾರ್ಡ್‌ನಲ್ಲಿ ಒಂದಾದರೂ ಮಕ್ಸಸ್ ಸಿಗುವ ಸಾಧ್ಯತೆ ಎರಡಿದ್ದರೆ 100ಕ್ಕೆ 34, ಮೂರಿದ್ದರೆ 46, ನಾಲ್ಕಿದ್ದರೆ 57. ಬರೀ ಇದನ್ನೇ ನೋಡಿದರೆ ನಾಲ್ಕೇ ಸರಿ ಅನ್ನಿಸುತ್ತೆ. ಆದರೆ ನಾಲ್ಕು ಮೇಟ್ರನ್ ಬಂದಿದ್ದಾರಲ್ಲ, ಪ್ರತಿಯೊಬ್ಬಳೂ ಬೇಕಾದಾಗ ಮಕ್ಸಸ್, ಬೇಡದಾಗ ಬೇರೆ ಯಾರನ್ನಾದರೂ ತರುತ್ತಾಳೆ. ನಾಲ್ಕು ಇಟ್ಟರೆ ಶುರುವಿನ ಏಳು ಕಾರ್ಡ್‌ನಲ್ಲೇ ಎರಡು ಮಕ್ಸಸ್ ಕೂತುಬಿಡೋದು 100ಕ್ಕೆ 6 ಸಲ, ಅಂಥ ಕೈ ಕಲ್ಲು ಕಟ್ಟಿಕೊಂಡ ಹಾಗೆ. ಪ್ರತಿ ಮಕ್ಸಸ್ ಇನ್ನೊಂದು ಮಕ್ಸಸ್‌ಗೆ ಸಿಗದ ಕಾರ್ಡ್ ಅನ್ನೋದೂ ನೆನಪಿರಲಿ. ನಾಲ್ಕು ಇಡುವವರು ಇದ್ದಾರೆ, ಅವರದ್ದು ತಪ್ಪು ಅನ್ನಲ್ಲ. ನಿಮ್ಮ ಪಟ್ಟಿಗೆ, ನಿಮ್ಮ ಜೇಬಿಗೆ ಮೂರು ಅಂತ ನನ್ನ ಮಾತು.

ಲೆಜೆಂಡ್ ನಿಯಮದ ಭಯ ಬೇಡ. ಮಕ್ಸಸ್‌ನಂಥ ಲೆಜೆಂಡರಿ ಕಾರ್ಡ್ ಒಂದೇ ಹೆಸರಿನದು ಎರಡು ನಿಮ್ಮ ಕಡೆ ಇದ್ದರೆ ಒಂದನ್ನು ಬಿಡಬೇಕು, ನಿಜ. ಆದರೆ ಎರಡನೇ ಮಕ್ಸಸ್ ಬಂದ ಕೂಡಲೇ ಅವನ ಆರು ಕಾರ್ಡ್ ತೆರೆಯುವ ಹಕ್ಕು ಬಂದಾಯಿತು. ಒಬ್ಬ ಹೋದರೂ ಬಳಗ ಬರುತ್ತೆ. ಎದುರಿನವನು ಅವಸರದಲ್ಲಿ ಏನಾದರೂ ಹೊಡೆದು ಮಕ್ಸಸ್‌ನನ್ನು ಕೊಂದರೂ ಇದೇ ಕಥೆ. ಇಳಿದ ಮೇಲೆ ಸತ್ತರೆ ಆರು ಕಾರ್ಡ್ ನಿಲ್ಲಲ್ಲ. ಇದನ್ನು ಗಟ್ಟಿಯಾಗಿ ಹೇಳಿ, ರೂಮಿನಲ್ಲಿ ಜಗಳ ಆಗೋದು ಇಲ್ಲೇ.

ಕೌಂಟರ್‌ಸ್ಪೆಲ್ ಬೇರೆ ವಿಷಯ. ಕೌಂಟರ್ ಆದ ಮಕ್ಸಸ್ ಕಣಕ್ಕೆ ಬರುವುದೇ ಇಲ್ಲ. ಹಾಗಾಗಿ ಏನೂ ಆಗಲ್ಲ, ನಿಮ್ಮ ಐದು ಮಾನಾ ಅವನ ಎರಡು ಮಾನಾಗೆ ಸಮ. ಇದಕ್ಕೆ ಎಲ್ಲರೂ ಹೇಳುವ ಉತ್ತರ 2012ರಲ್ಲಿ ಬಂದ ಕ್ಯಾವರ್ನ್ ಆಫ್ ಸೋಲ್ಸ್ ಅನ್ನೋ ಲ್ಯಾಂಡ್. ಅದನ್ನು ಇಡುವಾಗ ‘ಗಾಬ್ಲಿನ್’ ಅಂತ ಹೇಳಿದರೆ, ಅದರ ಬಣ್ಣದ ಮಾನಾ ಬಳಸಿದ ಗಾಬ್ಲಿನ್‌ಗೆ ಕೌಂಟರ್ ಹಾಕುವ ಹಾಗೇ ಇಲ್ಲ. ಒಳ್ಳೆಯದು, ಆದರೆ ವಿದ್ಯಾರ್ಥಿ ಜೇಬಿಗೆ ಭಾರ. ಅಣ್ಣ ಮತ್ತೆ ಕೇಳಿದರೆ ಇದನ್ನು ಹೇಳಿ.

ಕಡಿಮೆ ಖರ್ಚಿನ ದಾರಿ ಎರಡಿದೆ. ಒಂದು, ಗಾಬ್ಲಿನ್ ಗೈಡ್ ಬದಲು ಗಾಬ್ಲಿನ್ ಲ್ಯಾಕಿ. 1998ರ ‘ಅರ್ಜಾಸ್ ಸಾಗಾ’ದ ಬಡಪಾಯಿ, ಒಂದು ಮಾನಾ, ಬಲ ಒಂದೇ. ಆದರೆ ಅವನು ಎದುರಾಳಿಗೆ ಡ್ಯಾಮೇಜ್ ಮಾಡಿದರೆ ನಿಮ್ಮ ಕೈಯಿಂದ ಒಂದು ಗಾಬ್ಲಿನ್ ಪುಕ್ಕಟೆ ಕಣಕ್ಕೆ ಇಳಿಯುತ್ತೆ. ಮೊದಲ ಟರ್ನ್ ಲ್ಯಾಕಿ, ಎರಡನೇ ಟರ್ನ್ ತಾಗಿತು, ಮಕ್ಸಸ್ ಇಳಿಯಿತು! ಅದನ್ನು ಕ್ಯಾಸ್ಟ್ ಮಾಡಿಲ್ಲ, ಅಂದರೆ ಮಾನಾ ಕೊಟ್ಟು ಆಡಿಲ್ಲ, ಹಾಗಾಗಿ ಕೌಂಟರ್‌ಸ್ಪೆಲ್‌ಗೆ ಹಿಡಿಯೋಕೆ ಏನೂ ಇಲ್ಲ. ನಿಮ್ಮ ಗೆಳೆಯ ಇನ್ನು ಲ್ಯಾಕಿಗೇ ಹೆದರಿ ಕೂರುತ್ತಾನೆ, ಅದೂ ಲಾಭವೇ.

ಎರಡನೆಯದು ರಿಂಗ್‌ಲೀಡರ್. ಮೇಲಿನ ನಾಲ್ಕು ಕಾರ್ಡ್ ತೆರೆದು ಗಾಬ್ಲಿನ್ ಎಲ್ಲ ಕೈಗೆ ತರುತ್ತಾನೆ. ಗೆಳೆಯ ಎರಡು ಐಲ್ಯಾಂಡ್ (ನೀಲಿ ಮಾನಾ ಕೊಡುವ ಲ್ಯಾಂಡ್) ಬಳಸದೆ ತೆರೆದಿಟ್ಟು ಮುಗುಳ್ನಗುತ್ತಿದ್ದರೆ ಮಕ್ಸಸ್ ಇಡಬೇಡಿ, ರಿಂಗ್‌ಲೀಡರ್ ಇಡಿ. ಅವನು ಕೌಂಟರ್ ಮಾಡಿದರೆ ಮುಂದಿನ ಟರ್ನ್ ಮಕ್ಸಸ್‌ಗೆ ದಾರಿ ಸಲೀಸು. ಬಿಟ್ಟರೆ ನಿಮ್ಮ ಕೈ ತುಂಬಿತು. ಪ್ರತಿ ಸಲ ಮಕ್ಸಸ್‌ಗೇ ಕಾಯುತ್ತಾನೆ ಅಂದಿರಲ್ಲ, ಕಾಯಲಿ. ಮಕ್ಸಸ್ ಇಲ್ಲದ ಕಾಲದಲ್ಲೂ ಗಾಬ್ಲಿನ್ ಡೆಕ್ ಗೆಲ್ಲುತ್ತಿತ್ತು. ರಿಂಗ್‌ಲೀಡರ್ 2001ರವನು, ವಾರ್‌ಚೀಫ್ 2003ರವನು. ಸೈಡ್‌ಬೋರ್ಡ್‌ನಲ್ಲಿ, ಅಂದರೆ ಗೇಮ್‌ಗಳ ನಡುವೆ ಡೆಕ್‌ಗೆ ಬದಲಿಸಿಕೊಳ್ಳುವ ಕಾರ್ಡ್‌ಗಳಲ್ಲಿ, ಮೂರು ಪೈರೋಬ್ಲಾಸ್ಟ್ ಇಟ್ಟರೆ, ಎರಡನೇ ಗೇಮಿನಿಂದ ಅವನ ಕೌಂಟರ್‌ಸ್ಪೆಲ್‌ಗೆ ಒಂದು ಮಾನಾದಲ್ಲಿ ನೀವೇ ಕೌಂಟರ್ ಹಾಕಬಹುದು.

ಟೂರ್ನಮೆಂಟ್‌ನಲ್ಲಿ ನೀಲಿಗಿಂತ ಜಾಸ್ತಿ ಕಾಡುವ ಕಾರ್ಡ್ ಒಂದಿದೆ: ಗ್ರಾಫ್‌ಡಿಗ್ಗರ್ಸ್ ಕೇಜ್. ಒಂದು ಮಾನಾದ ಪಂಜರ. ಅದು ಇದ್ದಷ್ಟು ಹೊತ್ತು ಡೆಕ್‌ನಿಂದ ನೇರವಾಗಿ ಕ್ರೀಚರ್ ಕಣಕ್ಕೆ ಇಳಿಯುವಂತಿಲ್ಲ. ಮಕ್ಸಸ್ ಆರು ಕಾರ್ಡ್ ತೆಗೆದು ತೋರಿಸುತ್ತಾನೆ ಅಷ್ಟೇ, ಒಬ್ಬನೂ ಇಳಿಯಲ್ಲ. ಎದುರಿನವನು ಕೇಜ್ ಇಟ್ಟ ಕೂಡಲೇ ಮಕ್ಸಸ್ ಮರೆತುಬಿಡಿ. ಮೇಟ್ರನ್‌ನಿಂದ ರಿಂಗ್‌ಲೀಡರ್ ತನ್ನಿ. ಇವರಿಬ್ಬರೂ ಕಾರ್ಡನ್ನು ಕೈಗೆ ತರುವವರು, ಕೇಜ್ ಅವರನ್ನು ತಡೆಯಲ್ಲ. ಲ್ಯಾಕಿ ಕೂಡ ಕೈಯಿಂದ ಇಳಿಸುವವನು, ಅವನಿಗೂ ಅಡ್ಡಿ ಇಲ್ಲ. ರಾತ್ ಆಫ್ ಗಾಡ್‌ನಂತೆ ಎಲ್ಲ ಗುಡಿಸಿ ಹಾಕುವ ಕಾರ್ಡ್‌ಗೂ ಮದ್ದು ರಿಂಗ್‌ಲೀಡರ್ರೇ. ಗೆಲ್ಲುವಷ್ಟು ಜನ ಕಣದಲ್ಲಿದ್ದರೆ ಅವನನ್ನು ಕೈಯಲ್ಲೇ ಇಟ್ಟುಕೊಳ್ಳಿ, ಬಿತ್ತನೆ ಭತ್ತ ಎತ್ತಿಟ್ಟ ಹಾಗೆ.

ಮೂರನೇ ಮಕ್ಸಸ್ ಕೊಳ್ಳುವ ಮೊದಲು ಒಂದು ಹಳೇ ಕಾರ್ಡ್ ಮೇಲೆ ಚೀಟಿ ಹಾಕಿ ರೂಮಿನಲ್ಲಿ ಹದಿನೈದು ಇಪ್ಪತ್ತು ಆಟ ಆಡಿ. ಮೇಟ್ರನ್, ರಿಂಗ್‌ಲೀಡರ್‌ಗೂ ಅದೇ. ಪ್ರತಿ ಸಲ ಎಷ್ಟು ಗಾಬ್ಲಿನ್ ಬಂತು ಅಂತ ಪುಸ್ತಕದ ಹಿಂದೆ ಗೀಟು ಹಾಕಿಕೊಳ್ಳಿ. ಟೂರ್ನಮೆಂಟ್‌ನಲ್ಲಿ ಚೀಟಿ ಕಾರ್ಡ್ ನಡೆಯಲ್ಲ, ಅಷ್ಟರೊಳಗೆ ನಿಜವಾದದ್ದು ಇರಬೇಕು.

ಕೊನೆಗೆ ಆ ಫಾಯಿಲ್ ಮಕ್ಸಸ್. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜೂನ್ ಬಂತು ಅಂದರೆ ಸಾಗರದಲ್ಲಿ ಗೋಡೆಗೇ ಬೂಸಲು ಬರುತ್ತೆ, ಕಾರ್ಡ್ ಯಾವ ಲೆಕ್ಕ? ಫಾಯಿಲ್ ಪದರ ತೇವ ಹೀರಲ್ಲ, ಹಿಂದಿನ ಕಾಗದ ಹೀರಿ ಹಿಗ್ಗುತ್ತೆ, ಕಾರ್ಡ್ ಹಂಚಿನ ಹಾಗೆ ಬಾಗುತ್ತೆ. ಡೆಕ್‌ನಲ್ಲಿ ಅದೊಂದೇ ಬಾಗಿದ್ದರೆ ಕಲೆಸುವಾಗಲೇ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗುತ್ತೆ. ಜಡ್ಜ್ ಕಣ್ಣಿಗೆ ಬಿದ್ದರೆ ಅದು ಗುರುತು ಮಾಡಿದ ಕಾರ್ಡ್, ನಿಮ್ಮ ಮನಸ್ಸಿನಲ್ಲಿ ಮೋಸ ಇಲ್ಲದಿದ್ದರೂ ಶಿಕ್ಷೆ ಇದೆ. ಈಗಲೇ ಎರಡು ಸ್ಲೀವ್ (ಕಾರ್ಡ್‌ನ ಪ್ಲಾಸ್ಟಿಕ್ ಕವರ್) ಹಾಕಿ, ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದೆರಡನ್ನು ಡೆಕ್ ಬಾಕ್ಸ್‌ಗೆ ಹಾಕಿ, ಮೇಲೆ ದಪ್ಪ ಪುಸ್ತಕ ಇಡಿ. ಆಗಸ್ಟ್ ಹೊತ್ತಿಗೂ ನೆಟ್ಟಗಾಗದಿದ್ದರೆ ಅಣ್ಣನಿಗೆ ಫೋನ್ ಮಾಡಿ, ಫಾಯಿಲ್ ವಾಪಸ್ ಕೊಟ್ಟು ಸಾದಾ ಮಕ್ಸಸ್ ತಗೊಳ್ಳಿ.